ಅಪ್ಪ ಕಟ್ಟಿದ ದೊಡ್ಡ ಪಾತ್ರೆ

ಅಪ್ಪ ಹಿಂದಕ್ಕೆ ನಡೆಯುತ್ತಿದ್ದರು. ಕೈಯಲ್ಲಿ ತಳ ತೂತು ಮಾಡಿದ ಹಾಲಿನ ಪುಡಿ ಡಬ್ಬ, ಅದರೊಳಗೆ ಸುಣ್ಣದ ಪುಡಿ. ಡಬ್ಬ ಅಲ್ಲಾಡಿಸುತ್ತ ಅವರು ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟಂತೆ ಹಿತ್ತಿಲ ಮಣ್ಣಿನ ಮೇಲೆ ಬಿಳಿಯ ಗೆರೆಯೊಂದು ಉದ್ದವಾಗುತ್ತಿತ್ತು. ಬೆನ್ನು ನುಗ್ಗೆಮರಕ್ಕೆ ತಗುಲಿದಾಗ ನಿಂತರು. ಮರವನ್ನೊಮ್ಮೆ ಮೇಲೆ ಕೆಳಗೆ ನೋಡಿ, "ಇದು ಹೋಗಬೇಕು" ಎಂದರು.

"ಏನ್ರೀ ಅದು, ಅಷ್ಟು ದೊಡ್ಡ ರಂಗೋಲಿ? ಯಾವ ಹಬ್ಬ?" ಹಿಂಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಅಮ್ಮ ಕೇಳಿದಳು.

"ನಿನ್ನ ಈಜುಕೊಳ ಕಣೇ, ವಿಶಾಲೂ."

"ನಂಗ್ಯಾಕೆ ಕೊಳ? ನಾನೇನು ಎಮ್ಮೇನಾ?"

ಅಮ್ಮನಿಗೆ ಪಾರ್ಶ್ವವಾಯು ಬಡಿದು ಆಗಲೇ ಒಂದು ವರ್ಷ ದಾಟಿತ್ತು. ಎಡಗೈಗೆ ಹಿಡಿತ ಬಂದಿತ್ತು, ಮಾತು ತನ್ನ ಹಳೆಯ ಖಾರಕ್ಕೆ ಮರಳಿತ್ತು. ಎಡಗಾಲು ಮಾತ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಒಂದು ಕಡೆ ಅಪ್ಪ, ಇನ್ನೊಂದು ಕಡೆ ನಾನು ಹಿಡಿದರೆ ಅವಳು ಬಚ್ಚಲಿಗೆ ಹೋಗಿಬರುತ್ತಿದ್ದಳು. ಕೈ ಬಿಟ್ಟರೆ ಹೆದರಿಕೆಗೇ ಬೀಳುತ್ತಿದ್ದಳು. "ನೀರಿನಲ್ಲಿ ನಡೆಸಿ ನೋಡಿ, ನೀರು ಮೈಭಾರ ಹೊರುತ್ತೆ" ಎಂದು ಡಾಕ್ಟರು ಹೇಳಿದ್ದರು. ಊರಿನ ಕ್ಲಬ್ಬಿನಲ್ಲೊಂದು ಈಜುಕೊಳವಿತ್ತು. ಊರಿನ ಗಂಡಸರೆಲ್ಲ ನೋಡುತ್ತಿರುವಾಗ ಒದ್ದೆ ಸೀರೆಯಲ್ಲಿ ಏಳುವುದಕ್ಕಿಂತ ಕೂತಲ್ಲೇ ಬೇರು ಬಿಡುತ್ತೇನೆ ಎಂದು ಅಮ್ಮ ಖಂಡಿತವಾಗಿ ಹೇಳಿಬಿಟ್ಟಳು. ಹಾಗಾಗಿ ಅಪ್ಪ ಕೊಳವನ್ನೇ ಮನೆಗೆ ತರಲು ಹೊರಟರು. ಅಮ್ಮ ಯಾರ ಆಸರೆಯೂ ಇಲ್ಲದೆ ನಡೆಯುವುದನ್ನು ಕಣ್ಣಾರೆ ನೋಡಬೇಕು ಎಂಬುದೊಂದೇ ಆಗ ಅವರಿಗಿದ್ದ ಆಸೆ. ಅದನ್ನು ಅವರು ಗುಟ್ಟು ಮಾಡಿರಲಿಲ್ಲ, ತರಕಾರಿಯವಳಿಗೂ ಹೇಳಿದ್ದರು.

ಅಪ್ಪನದು ಪಾತ್ರೆ ಅಂಗಡಿ. ಜೀವಮಾನವಿಡೀ ಕೊಳಗ, ಕಡಾಯಿ, ಹಂಡೆ ಮಾರಿದವರು. ವಯಸ್ಸಾಯಿತೆಂದು ಅಂಗಡಿಯನ್ನು ಬೇರೆಯವರಿಗೆ ವಹಿಸಿಕೊಟ್ಟಿದ್ದರೂ ಲೋಕವನ್ನೆಲ್ಲ ಬೆರಳ ಗೆಣ್ಣಿನಿಂದ ತಟ್ಟಿ ನೋಡುವ ಅಭ್ಯಾಸ ಬಿಟ್ಟಿರಲಿಲ್ಲ. ಕೊಳ ಕಟ್ಟುವುದು ದೊಡ್ಡ ಕೆಲಸ, ತಿಳಿದವರನ್ನು ಕರೆಸಿ ಎಂದು ನಾನು ಹೇಳಿದಾಗ ಅವರು ನಕ್ಕರು. "ಇದರಲ್ಲಿ ತಿಳಿಯೋದೇನಿದೆ? ಇದೊಂದು ದೊಡ್ಡ ಪಾತ್ರೆ. ಸೋರಬಾರದು, ಪಾಚಿ ಕಟ್ಟಬಾರದು. ಅಷ್ಟೇ ತಾನೆ?"

ಗಾರೆ ಕೆಲಸದ ಮಲ್ಲಪ್ಪ ಆಳುಗಳನ್ನು ಕರೆದುಕೊಂಡು ಬಂದ. ಅಪ್ಪ ಎಳೆದ ಗೆರೆ ನೋಡಿ ಅವನಿಗೆ ದಿಗಿಲಾಯಿತು. "ಸಾಮಿ, ಅಮ್ಮಾರೊಬ್ರಿಗೆ ಇಷ್ಟುದ್ದ ಯಾಕೆ? ಒಂದು ತೊಟ್ಟಿ ಸಾಕಲ್ವಾ?"

"ತೊಟ್ಟೀಲಿ ನಾಲ್ಕು ಹೆಜ್ಜೆಗೆ ತಿರುಗಬೇಕು ಕಣಯ್ಯ. ಅವಳಿಗೆ ತಿರುಗೋದೇ ಕಷ್ಟ. ನಡೀತಾನೇ ಇರಬೇಕು ಅಂದ್ರೆ ಉದ್ದ ಬೇಕು."

ನುಗ್ಗೆಮರ ಹೋಯಿತು. ಬಟ್ಟೆ ಒಗೆಯುವ ಕಲ್ಲು ಗೋಡೆಯ ಮೂಲೆಗೆ ಹೋಯಿತು. ಕರಿಬೇವಿನ ಗಿಡವೊಂದನ್ನು ಅಮ್ಮ ಜಗಳವಾಡಿ ಉಳಿಸಿಕೊಂಡಳು. ಅಗೆದ ಮಣ್ಣು ಹಿತ್ತಿಲ ತುದಿಯಲ್ಲಿ ಗುಡ್ಡೆಯಾಯಿತು. ಅಪ್ಪ ಅಮ್ಮನನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಅವಳ ಎದೆಯ ಮಟ್ಟಕ್ಕೆ ಸೀಮೆಸುಣ್ಣದ ಗುರುತು ಹಾಕಿದರು. ನೀರು ಅಷ್ಟಿರಬೇಕು, ಅದಕ್ಕಿಂತ ಆಳ ಎಲ್ಲಿಯೂ ಬೇಡ. ಮೆಟ್ಟಿಲುಗಳು ಅಗಲವಾಗಿ, ತಗ್ಗಾಗಿ ಇರಬೇಕು. ಎಡಗಾಲು ಏಳುವಷ್ಟೇ ಎತ್ತರ. ಎರಡು ಬದಿಗೂ ಹಿಡಿಯಲು ಕಬ್ಬಿಣದ ಪೈಪು. ತಳ ಜಾರದಂತೆ ಒರಟು ಸಿಮೆಂಟು. ನೀರು ಸೋಸಲು ಎರಡು ಪ್ಲಾಸ್ಟಿಕ್ ಡ್ರಮ್ಮುಗಳಿಗೆ ಜಲ್ಲಿ, ಮರಳು ತುಂಬಿ, ಆಚೆ ತುದಿಯಲ್ಲಿ ಮೋಟರು ಕೂರಿಸಿ ತಾವೇ ಒಂದು ಯಂತ್ರ ಮಾಡಿದರು. ಮೊದಲ ಸಲ ಅದನ್ನು ಓಡಿಸಿದಾಗ ಪೈಪು ಕಳಚಿಕೊಂಡು ಅನಂತು ಮಾವನ ಇಸ್ತ್ರಿ ಮಾಡಿದ ಪಂಚೆ ತೊಯ್ದುಹೋಯಿತು. ಅಮ್ಮ ಅಷ್ಟು ನಕ್ಕಿದ್ದನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ. ಅನಂತು ಮಾವ ಅವಳ ತಮ್ಮ. ಅವನು ಅದನ್ನು ಒಂದು ವಾರ ಮರೆಯಲಿಲ್ಲ.

ಟ್ಯಾಂಕರುಗಳು ಬಂದು ಕೊಳ ತುಂಬಿದ ದಿನ ಅಪ್ಪ ನೀರಿನ ಮಟ್ಟಕ್ಕೆ ಗೆರೆ ಹಾಕಿದರು. ಅಂಗಡಿಯಲ್ಲಿ ಹೊಸ ಹಂಡೆಗೆ ನೀರು ತುಂಬಿಸಿ ಹೊರಮೈ ಒರೆಸಿ ಕಾಯುತ್ತಿದ್ದಂತೆ ಇಲ್ಲಿಯೂ ಕಾದರು. ಮರುದಿನ ಬೆಳಗ್ಗೆ ಗೆರೆ ಮುಟ್ಟಿ ನೋಡಿ, "ಒಂದು ತೊಟ್ಟೂ ಸೋರಿಲ್ಲ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ನಾನು ಶಾಲೆಗೆ ಹೊರಡುವ ಅವಸರದಲ್ಲಿದ್ದೆ. ನನ್ನಂಥ ಸಂಗೀತದ ಮೇಷ್ಟ್ರಮ್ಮನಿಗೆ ಸಿಮೆಂಟಿನ ವಿಷಯ ಏನು ಗೊತ್ತು? "ಸರಿ ಅಪ್ಪ" ಎಂದೆ.

ಅಮ್ಮ ಅಪ್ಪನ ಹಳೆಯ ಪಂಚೆಯನ್ನು ಕಚ್ಚೆ ಹಾಕಿ, ಮೇಲೆ ನನ್ನ ಹಳೆಯ ಕುರ್ತಾ ತೊಟ್ಟು ನೀರಿಗಿಳಿದಳು. "ಆಸ್ಪತ್ರೆ ವಾಸನೆ ಬರುತ್ತೆ" ಎಂದು ಬ್ಲೀಚಿಂಗ್ ಪುಡಿಯನ್ನು ಬೈದಳು. ಅಪ್ಪ ಅವಳ ಎರಡೂ ಕೈ ಹಿಡಿದು ಎದುರಿಗೆ ನಿಂತರು. ಆಮೇಲೆ ಸುಣ್ಣದ ಗೆರೆ ಎಳೆಯುವಾಗ ನಡೆದಂತೆಯೇ ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆದರು. ಅಮ್ಮ ಮುಂದಕ್ಕೆ ಬಂದಳು. ಅವಳ ಎಡಗಾಲು ನೀರಿನೊಳಗೆ ತಡವಾಗಿ ಏಳುತ್ತಿತ್ತು, ಆದರೆ ಏಳುತ್ತಿತ್ತು.

ದಿನವೂ ಬೆಳಗ್ಗೆ ಹೀಗೇ ನಡೆಯಿತು. ಆಚೆ ತುದಿಗೆ ಹೋಗುವುದು, ಬರುವುದು, ನಡುವೆ ಜಗಳ. "ಒಂದು ದಿನ ಹೇಳದೆ ಕೇಳದೆ ಕೈ ಬಿಟ್ಟುಬಿಡ್ತೀನಿ ನೋಡು" ಎಂದು ಅಪ್ಪ ಹೆದರಿಸುತ್ತಿದ್ದರು.

"ಬಿಟ್ರೆ ಆಮೇಲೆ ನಿಮಗೆ ಅನ್ನ ಹಾಕೋರು ಯಾರು ಅಂತ ಯೋಚನೆ ಮಾಡಿ ಬಿಡಿ" ಎನ್ನುತ್ತಿದ್ದಳು ಅಮ್ಮ. ಅವಳು ಅಡುಗೆಮನೆಗೆ ಕಾಲಿಡದೆ ವರ್ಷವಾಗಿತ್ತು, ಅನ್ನ ಹಾಕುತ್ತಿದ್ದವಳು ನಾನು. ಆದರೂ ಅಪ್ಪ ಆ ಮಾತಿಗೆ ಪ್ರತಿದಿನವೂ ಹೆದರಿದಂತೆ ನಟಿಸುತ್ತಿದ್ದರು.

ಮಳೆಗಾಲ ಜೋರಾಗಿ ಹಿಡಿದಿದ್ದ ಒಂದು ಬೆಳಗ್ಗೆ, ಮಳೆ ನಿಂತು ಹೊಳವಾಗಿದ್ದ ಹೊತ್ತು ನೋಡಿ ಇಬ್ಬರೂ ನೀರಿಗಿಳಿದಿದ್ದರು. ನಾನು ಶಾಲೆಯಲ್ಲಿದ್ದೆ. ಜವಾನ ಬಂದು ಕರೆದ. ಮನೆಗೆ ಬಂದಾಗ ಅಪ್ಪನನ್ನು ಆಗಲೇ ಹಜಾರದಲ್ಲಿ ಮಲಗಿಸಿದ್ದರು. ಪಕ್ಕದ ಮನೆಯ ಮೇರಿಯಮ್ಮ ಅಮ್ಮನ ಕೂಗು ಕೇಳಿ ಓಡಿಬಂದಾಗ ಅಪ್ಪ ಕೊಳದ ಮೆಟ್ಟಿಲ ಮೇಲೆ ಒರಗಿದ್ದರಂತೆ. ಅಮ್ಮ ಮೇಲಿನ ಮೆಟ್ಟಿಲಲ್ಲಿ ಕೂತು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳಂತೆ. ಹೃದಯ ನಿಂತಿತ್ತು ಎಂದರು ಡಾಕ್ಟರು. ಎದೆ ನೋವು ಬಂದಿರಬೇಕು, ಹೇಗೋ ಅಮ್ಮನನ್ನು ಮೆಟ್ಟಿಲವರೆಗೆ ಕರೆತಂದು ಕೂರಿಸಿ ತಾವು ಒರಗಿರಬೇಕು ಎಂದು ಬಂದವರೆಲ್ಲ ಮಾತಾಡಿಕೊಂಡರು. "ಸಾಯೋ ಹೊತ್ತಲ್ಲೂ ಹೆಂಡತೀನ ದಡ ಮುಟ್ಟಿಸಿ ಹೋದ, ಪುಣ್ಯಾತ್ಮ" ಎಂದು ಅನಂತು ಮಾವ ಅತ್ತ. ಅಮ್ಮನನ್ನು ಯಾರೂ ಏನೂ ಕೇಳಲಿಲ್ಲ.

ನನಗೆ ಅಳು ಬರಲಿಲ್ಲ. ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ನನಗೆ ಒಳಗೆಲ್ಲ ಜೋಮು ಹಿಡಿದಿತ್ತು. ಬಂದವರಿಗೆ ಚಾಪೆ ಹಾಸಿದೆ. ಹೋದವರ ಹಿಂದೆ ಚಾಪೆ ಸುತ್ತಿಟ್ಟೆ. ಅಪ್ಪನ ಚಪ್ಪಲಿ ಹಿಂಬಾಗಿಲಲ್ಲೇ ಇತ್ತು, ಅದನ್ನು ದಾಟಿಕೊಂಡು ಓಡಾಡಿದೆ. ಯಾರೋ ನನ್ನ ಕೈ ಹಿಡಿದು ಅತ್ತಾಗ ಅವರ ಬಳೆಗಳನ್ನು ನೋಡುತ್ತ ನಿಂತೆ. ನನ್ನಪ್ಪ ಸತ್ತಿದ್ದಾರೆ ಎಂದು ಮನಸ್ಸಿಗೆ ಹೇಳಿಕೊಂಡರೆ, ಅದು ಯಾರದೋ ಮನೆಯ ಸುದ್ದಿಯಂತೆ ಕೇಳುತ್ತಿತ್ತು.

ಸೂತಕ ಕಳೆಯುವ ದಿನ ಬಂತು. ನಮ್ಮಲ್ಲಿ ಅವತ್ತು ಮನೆಯನ್ನೆಲ್ಲ ತೊಳೆದು, ಹಿಡಿದಿಟ್ಟ ನೀರನ್ನೆಲ್ಲ ಚೆಲ್ಲಿ ಹೊಸ ನೀರು ತುಂಬುತ್ತಾರೆ. ಹಂಡೆ ಖಾಲಿಯಾಯಿತು, ಕೊಡಗಳು ಖಾಲಿಯಾದವು, ತಾರಸಿಯ ಮೇಲಿನ ತೊಟ್ಟಿ ಖಾಲಿಯಾಯಿತು. ಆಗ ಯಾರಿಗೋ ಕೊಳದ ನೆನಪಾಯಿತು. ಅನಂತು ಮಾವ ಶಾಸ್ತ್ರಿಗಳನ್ನು ಕೇಳಿದ.

ಶಾಸ್ತ್ರಿಗಳು ಹಿತ್ತಿಲಿಗೆ ಬಂದು ಕೊಳವನ್ನು ನೋಡಿ ಗಲ್ಲ ಕೆರೆದುಕೊಂಡರು. ಅವರಿಗೂ ಇಂಥದ್ದು ಹೊಸದು. "ಬಾವಿಗೆ ಸೂತಕ ಇಲ್ಲಪ್ಪ, ಅದರಲ್ಲಿ ಒರತೆ ಇರುತ್ತೆ. ಪಾತ್ರೆ ನೀರಿಗೆ ಇದೆ. ಇದು ಬಾವಿ ಲೆಕ್ಕವೋ, ಪಾತ್ರೆ ಲೆಕ್ಕವೋ?"

"ಭಾವ ಇದನ್ನ ಪಾತ್ರೆ ಅಂತಲೇ ಅಂತಿದ್ರು" ಎಂದ ಅನಂತು ಮಾವ.

"ಹಾಗಾದ್ರೆ ಚೆಲ್ಲಬೇಕು. ಆದರೂ ಮನೆಯಾಕೆ ಏನಂತಾರೋ ಒಂದು ಮಾತು ಕೇಳಿ."

ನಾನು ಅಮ್ಮನನ್ನು ಕೇಳಿದೆ. ಇಷ್ಟು ನೀರು ಮತ್ತೆ ತುಂಬಿಸುವುದು ಸುಲಭವಲ್ಲ, ನಿನ್ನ ನಡಿಗೆ ನಿಂತುಹೋಗುತ್ತೆ, ಹಾಗೇ ಇರಲಿ ಎಂದು ಹೇಳಲೇನು ಎಂದೆ. ಅವಳು ಕೊಳದ ಕಡೆ ನೋಡದೆಯೇ, "ಖಾಲಿ ಮಾಡ್ಸು" ಎಂದಳು.

ಅಪ್ಪ ಕೂರಿಸಿದ ಮೋಟರೇ ಆ ನೀರನ್ನೆಲ್ಲ ಎಳೆದು ಚರಂಡಿಗೆ ಚೆಲ್ಲಿತು. ಸಂಜೆಯ ಹೊತ್ತಿಗೆ ಒರಟು ಸಿಮೆಂಟಿನ ತಳ ಕಂಡಿತು. ಆಮೇಲೆ ಮಳೆ ಹಿಡಿದು ಬಿಡದೆ ಸುರಿಯಿತು. ಬೆಳಗ್ಗೆ ನಾವು ಕಾಫಿ ಕುಡಿಯುತ್ತಿದ್ದಾಗ ಹಿತ್ತಿಲಲ್ಲಿ ದೊಡ್ಡ ಚಪ್ಪಡಿ ಮುರಿದಂತೆ ಸದ್ದಾಯಿತು. ಹೋಗಿ ನೋಡಿದರೆ ಕೊಳದ ತಳ ನಡುವಿನಲ್ಲಿ ಪೂರಿಯಂತೆ ಉಬ್ಬಿ ಉದ್ದಕ್ಕೂ ಸೀಳಿತ್ತು. ಸೀಳಿನಿಂದ ಕೆಸರು ನೀರು ಮೇಲೆ ಬರುತ್ತಿತ್ತು. ಮೆಟ್ಟಿಲುಗಳು ಒಂದು ಬದಿಗೆ ವಾಲಿದ್ದವು.

ಮಳೆಗಾಲದಲ್ಲಿ ನೆಲದಡಿಯ ನೀರು ಏರಿ ಕೊಳವನ್ನು ಕೆಳಗಿನಿಂದ ನೂಕುತ್ತದೆ, ಒಳಗಿನ ನೀರಿನ ಭಾರವೇ ಅದನ್ನು ಅದುಮಿ ಹಿಡಿದಿರುತ್ತದೆ ಎಂದು ಆಮೇಲೆ ತಿಳಿದವರು ಹೇಳಿದರು. ಪಾತ್ರೆ ಮಾರಿದ ಅಪ್ಪ ಒಳಗಿನ ನೀರು ಹೊರಗೆ ಹೋಗದಂತೆ ಮಾತ್ರ ನೋಡಿಕೊಂಡಿದ್ದರು. ಅಂಗಡಿಯಲ್ಲಿ ಯಾವ ಹಂಡೆಗೂ ಹೊರಗಿನಿಂದ ನೀರು ನುಗ್ಗಿದ್ದಿಲ್ಲ.

ಒಡೆದದ್ದನ್ನು ನೋಡಿಯೂ ನನಗೆ ಏನೂ ಅನ್ನಿಸಲಿಲ್ಲ. ಅಮ್ಮ ಇನ್ನು ನಡೆಯುವುದಿಲ್ಲ ಎಂದು ಒಂದು ಯೋಚನೆ ಬಂತು, ಹೋಯಿತು. ಮಲ್ಲಪ್ಪನಿಗೆ ಹೇಳಿಕಳಿಸಿದೆ.

ಅವನು ಬಂದು ನೋಡಿ ತಲೆಯ ಟವೆಲ್ಲು ತೆಗೆದ. "ಇದನ್ನ ರಿಪೇರಿ ಮಾಡಾಕಾಗಲ್ಲ, ಅಮ್ಮಾರೆ. ಸಾಮಿ ಇದ್ದಿದ್ರೆ ಇನ್ನೊಂದು ಕಟ್ಟು ಅಂತಿದ್ರೇನೋ." ಅಗೆದ ಮಣ್ಣು ಅಲ್ಲೇ ಗುಡ್ಡೆ ಬಿದ್ದಿತ್ತು. ಅದನ್ನೇ ತುಂಬಿ ಮುಚ್ಚುವುದೆಂದು ಅನಂತು ಮಾವ ತೀರ್ಮಾನ ಮಾಡಿದ. ಮಳೆ ಬಿಡುವು ಕೊಟ್ಟ ದಿನ ಆಳುಗಳು ಬಂದರು. ತನ್ನನ್ನೂ ಅಲ್ಲಿಗೆ ಕರೆದುಕೊಂಡು ಹೋಗು ಎಂದಳು ಅಮ್ಮ. ಕೊಳದ ಅಂಚಿಗೆ ಕುರ್ಚಿ ಹಾಕಿ ಕೂರಿಸಿದೆವು. ಮಲ್ಲಪ್ಪ ಮೊದಲ ಬುಟ್ಟಿ ಎತ್ತಿದಾಗ ಅವಳು ಬಲಗೈ ಎತ್ತಿ ತಡೆದಳು.

"ನಿಮ್ಮಪ್ಪ ಎಲ್ಲಿ ಬಿದ್ರು ಅಂತ ನೀವ್ಯಾರೂ ನನ್ನ ಕೇಳ್ಲೇ ಇಲ್ಲ" ಎಂದಳು ನನಗೆ.

"ಮೆಟ್ಟಿಲ ಹತ್ರ ಅಲ್ವೇನಮ್ಮಾ?"

"ಅಲ್ಲ. ಆ ತುದೀಲಿ. ಮೋಟರ್ ಪಕ್ಕ."

ನಾನು ಆ ತುದಿಯನ್ನು ನೋಡಿದೆ. ಮೆಟ್ಟಿಲನ್ನು ನೋಡಿದೆ. ನಡುವೆ ಕೊಳದ ಇಡೀ ಉದ್ದವಿತ್ತು.

"ಕೈ ಬಿಟ್ರು ಕಣೇ. ದಿನಾ ಹೆದರಿಸ್ತಿದ್ರಲ್ಲ, ಬಿಟ್ಟೇಬಿಟ್ರು ಅಂದ್ಕೊಂಡೆ. ಎಷ್ಟು ಕೋಪ ಬಂತು ಅಂತೀ. ಬಾಯಿಗೆ ಬಂದ ಹಾಗೆ ಬೈದೆ. ಬೈಕೊಂಡೇ ಎರಡು ಹೆಜ್ಜೆ ಅವರ ಹತ್ರ ಹೋದೆ, ಹೊಡೆಯೋಣ ಅಂತ. ನೋಡಿದ್ರೆ ಮುಖ ನೀರಲ್ಲಿತ್ತು."

ಅನಂತು ಮಾವ, "ಅಕ್ಕಾ" ಎಂದ.

"ತಲೆ ಮೇಲೆತ್ತಿ ಹೆಗಲಿಗೆ ಹಾಕ್ಕೊಂಡೆ. ಈ ಎಡಗೈಯಲ್ಲೇ. ಬಲಗೈಯಲ್ಲಿ ನೀರು ತಳ್ತಾ ಬಂದೆ. ನೀರಲ್ಲಿ ಅವರು ಹಗುರ ಇದ್ರು. ಎಲ್ಲೂ ನಿಲ್ಲಲಿಲ್ಲ, ಬೀಳ್ಲೂ ಇಲ್ಲ. ಅಷ್ಟುದ್ದಾನೂ ನಡೆದೆ. ಅವರೇ ನನ್ನ ದಡ ಮುಟ್ಟಿಸಿದ್ರು ಅಂತ ನೀವೆಲ್ಲ ಅಂತಿದ್ರಿ. ಅವರ ಹೆಸರಿಗೇ ಇರಲಿ ಅಂತ ಸುಮ್ಮನಿದ್ದೆ. ಆದರೆ ಆ ನೀರನ್ನ ನೋಡ್ತಾ ಕೂರೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ. ಚೆಲ್ಲಿ ಅಂದೆ."

ಅವಳ ದನಿ ಒಡೆಯಿತು.

"ನಾನು ನಡೀಬೇಕು ಅಂತ ಇಷ್ಟೆಲ್ಲ ಕಟ್ಟಿದ್ರು. ನಡೆದೆ. ಅವರನ್ನೇ ಎತ್ಕೊಂಡು ನಡೆದೆ. ಅವರಿಗೆ ಗೊತ್ತಾಗ್ಲೇ ಇಲ್ಲ."

ನನ್ನ ಒಳಗಿನ ಜೋಮು ಆಗ ಬಿಟ್ಟಿತು. ಜೋಮು ಬಿಡುವಾಗಿನ ನೋವು ಎಂಥದೆಂದು ಎಲ್ಲರಿಗೂ ಗೊತ್ತು. ಅಪ್ಪಾ ಎಂದು ಕೂಗಿ ಅಲ್ಲೇ ಒದ್ದೆ ಮಣ್ಣಿನಲ್ಲಿ ಕೂತು ಅತ್ತೆ. ಆಳುಗಳು ಬುಟ್ಟಿ ಕೆಳಗಿಟ್ಟು ಮುಖ ಆಚೆ ತಿರುಗಿಸಿದರು.

ಅಮ್ಮನೇ ನನ್ನ ತಲೆ ನೇವರಿಸಿದಳು. "ಸಾಕು ಏಳು. ಪಾಪ, ಅವರನ್ನೆಲ್ಲ ಎಷ್ಟು ಹೊತ್ತು ಕಾಯಿಸ್ತೀಯ?" ಎಂದಳು. ತಾನೂ ಏಳಲೆಂದು ಅವಳು ಕೈ ಚಾಚಿದಾಗ ತೋಳಿನಡಿ ಕೈ ಹಾಕಿ ಎಬ್ಬಿಸಿದೆ. ಎದ್ದು ನಿಂತಮೇಲೆ ಅವಳು ನನ್ನ ಕೈಯನ್ನು ಮೆಲ್ಲನೆ ಬಿಡಿಸಿದಳು. ಹಿಡಿಯಲು ಹೋದೆ, ಬೇಡವೆಂದು ತಲೆಯಾಡಿಸಿದಳು. ಎಡಗಾಲು ಒಂದೇ ಸಮನೆ ನಡುಗುತ್ತಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಲ್ಲಪ್ಪನಿಗೆ, "ಹೂಂ, ಹಾಕಪ್ಪ" ಎಂದಳು.

ಬುಟ್ಟಿಯ ಮೇಲೆ ಬುಟ್ಟಿ ಮಣ್ಣು ಬಿತ್ತು. ಅಮ್ಮ ಯಾರನ್ನೂ ಹಿಡಿಯದೆ, ಗಟ್ಟಿ ನೆಲದ ಮೇಲೆ, ಕೆಳಗಿನ ಮೆಟ್ಟಿಲು ಮುಚ್ಚಿಹೋಗುವವರೆಗೂ ನಿಂತಿದ್ದಳು.