ದೊಡ್ಡವಳು ಹೇಳಿದ ಅರ್ಥ

ಎರಡು ಜಡೆ ಸೇರಿದ ಕಡೆ ಜಗಳ ತಪ್ಪಿದ್ದಲ್ಲ ಎನ್ನುತ್ತಾರೆ. ಆದರೆ ಆ ಮನೆಯ ಇಬ್ಬರು ಓರಗಿತ್ತಿಯರ ಮುಂದೆ ಈ ಮಾತು ಆಡಿದವರೆಲ್ಲ ಬಾಯಿ ಮುಚ್ಚಿಕೊಂಡೇ ಹೋಗಿದ್ದರು. ಅಣ್ಣನ ಹೆಂಡತಿ ದೊಡ್ಡವಳು, ತಮ್ಮನ ಹೆಂಡತಿ ಚಿಕ್ಕವಳು. ಮನೆಯಲ್ಲೂ ಹೊರಗೂ ಇಬ್ಬರಿಗೂ ಅದೇ ಹೆಸರು. ಇಬ್ಬರೂ ಒಂದೇ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದರು. ಒಂದೇ ಬಸ್ಸು ಹತ್ತುತ್ತಿದ್ದರು, ಒಂದೇ ಡಬ್ಬಿಯಿಂದ ಊಟ ಮಾಡುತ್ತಿದ್ದರು. ಅತ್ತೆಯನ್ನು ಆಡಿಕೊಂಡು ನಗುವುದೂ ಒಟ್ಟಿಗೇ.

ಒಣಗಿದ ದೊಡ್ಡ ಹಾಸಿಗೆ ಬಟ್ಟೆಗಳನ್ನು ಮಡಿಸುವುದು ಅವರ ಪಾಲಿನ ಕೆಲಸ. ಅದು ಒಬ್ಬರಿಂದ ಆಗುವಂಥದ್ದಲ್ಲ. ಆ ತುದಿಯಲ್ಲೊಬ್ಬರು ಈ ತುದಿಯಲ್ಲೊಬ್ಬರು ಮೂಲೆ ಹಿಡಿದು ಜಗ್ಗಿ, ಕೊಡವಿ, ಎದುರುಬದುರು ನಡೆದು ಬಂದು ಕೈಗೆ ಕೈ ಸೇರಿಸಬೇಕು. ಇಂಗ್ಲಿಷ್ ಪದಗಳನ್ನು ಕಲಿಯುವ ದಾರಿಯನ್ನು ಅವರು ಇದರಲ್ಲೇ ಕಂಡುಕೊಂಡರು. ದೂರದ ತುದಿಯಲ್ಲಿ ದೊಡ್ಡವಳು ಪದ ಹೇಳಬೇಕು, ಕೈಗಳು ಕೂಡುವಷ್ಟರಲ್ಲಿ ಚಿಕ್ಕವಳು ಅರ್ಥ ಹೇಳಬೇಕು. ಹೇಳದಿದ್ದರೆ ಬಟ್ಟೆಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಮಡಿಸುವುದು.

ಕಲಿಕೆ ಶುರುವಾದದ್ದು ಹೋಟೆಲಿನ ಮ್ಯಾನೇಜರ್ ಆಡಿದ ಒಂದು ಮಾತಿನಿಂದ. ಮೇಲಿನ ಸ್ವಾಗತದ ಕೌಂಟರಿನಲ್ಲಿ ಒಂದು ಜಾಗ ಖಾಲಿಯಾಗಿದೆ, ಒಳಗಿನವರಿಗೇ ಕೊಡುತ್ತೇವೆ, ಆದರೆ ಒಳ್ಳೆಯ ಇಂಗ್ಲಿಷ್ ಬೇಕು ಎಂದು ಅವರು ಹೇಳಿದ್ದರು. ಆ ಮನುಷ್ಯನಿಗೆ ದೊಡ್ಡ ದೊಡ್ಡ ಪದಗಳ ಹುಚ್ಚು. ಬಂದವರಿಗೆ ಕೋಣೆಯ ಬೀಗದ ಕೈ ಕೊಟ್ಟು ಲಿಫ್ಟು ತೋರಿಸುವವರಿಗೆ ಅಷ್ಟು ತೂಕದ ಪದಗಳು ಯಾಕೆ ಬೇಕೋ ದೇವರಿಗೇ ಗೊತ್ತು. ಆದರೆ ನೆಲಮಾಳಿಗೆಯ ಹಬೆಯಲ್ಲಿ ಬೇಯುವವರು ಅಂಥ ಪ್ರಶ್ನೆ ಕೇಳುವುದಿಲ್ಲ. ಮೇಲೆ ಕಿಟಕಿ ಇತ್ತು, ಕುರ್ಚಿ ಇತ್ತು, ಜನ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಬಿಸಿ ಬಟ್ಟೆ ಜಗ್ಗಿ ಜಗ್ಗಿ ಬೆರಳ ಸಂದು ಬಿರಿದಿದ್ದ ದೊಡ್ಡವಳಿಗೆ ಅಲ್ಲಿ ಕೂರುವ ಆಸೆ ಎಷ್ಟಿತ್ತೆಂದರೆ, ಬಾಯಿಬಿಟ್ಟು ಹೇಳಲೂ ಹೆದರುತ್ತಿದ್ದಳು.

ಓದಿದವಳು ದೊಡ್ಡವಳು. ಪದಗಳ ಪುಸ್ತಕ ಅವಳದು. ಒಂದು ಕಷ್ಟದ ಪದದ ಅರ್ಥ ಹೇಳಲು ಇನ್ನೆರಡು ಕಷ್ಟದ ಪದಗಳನ್ನು ತಂದು ನಿಲ್ಲಿಸುವ ಪುಸ್ತಕ ಅದು. ದೊಡ್ಡವಳು ಬೆಳಿಗ್ಗೆ ಬಸ್ಸಿನಲ್ಲಿ ಅದನ್ನು ಓದಿ, ಅರ್ಥ ಮಾಡಿಕೊಂಡು, ಕನ್ನಡದಲ್ಲಿ ಬಿಡಿಸಿ ಹೇಳಬೇಕಿತ್ತು. ಚಿಕ್ಕವಳಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ಅಷ್ಟೇ. ಆದರೆ ಅವಳ ನೆನಪು ಅಂದರೆ ನೆನಪು. ಒಮ್ಮೆ ಕಿವಿಗೆ ಬಿದ್ದದ್ದು ಮತ್ತೆ ಎಲ್ಲಿಗೂ ಹೋಗುತ್ತಿರಲಿಲ್ಲ. ಅನುಮಾನ ಬಂದರೆ ಗಂಡನ ಫೋನಿನಲ್ಲಿ ನೋಡಬಹುದಿತ್ತು. ಅಕ್ಕ ಹೇಳಿದ ಮೇಲೆ ಫೋನನ್ನು ಕೇಳುವುದು ಯಾಕೆ ಎನ್ನುವವಳು ಅವಳು.

ತಿಂಗಳು ಕಳೆಯುವಷ್ಟರಲ್ಲಿ ಆಟ ತಿರುಗಿತು. ದೊಡ್ಡವಳು ತಾನೇ ಓದಿ ಹೇಳಿದ ಪದವನ್ನು ಎರಡು ದಿನ ಬಿಟ್ಟು ಮರೆಯುತ್ತಿದ್ದಳು, ಚಿಕ್ಕವಳು ಎತ್ತಿಕೊಡುತ್ತಿದ್ದಳು. ಇಸ್ತ್ರಿ ಮಾಡುವ ಹೆಂಗಸರೆಲ್ಲ ಚಿಕ್ಕವಳನ್ನು ಪರೀಕ್ಷೆ ಮಾಡಿ ನಗತೊಡಗಿದರು. ಮನೆಯಲ್ಲಿ ಅತ್ತೆ, ಕೌಂಟರಿನಲ್ಲಿ ಕೂರುವುದು ನನ್ನ ಚಿಕ್ಕ ಸೊಸೆಯೇ ಎಂದು ಅಕ್ಕಪಕ್ಕದವರಿಗೆ ಹೇಳಿಯೂ ಆಯಿತು. ದೊಡ್ಡವಳು ಎಲ್ಲರ ಜೊತೆ ನಕ್ಕಳು. ಒಳಗೆ ಹೊಟ್ಟೆಕಿಚ್ಚು ಹೊಗೆಯಾಡುತ್ತಿತ್ತು, ಅದನ್ನು ಆಯಾಸ ಎಂದುಕೊಂಡಳು.

ಒಂದು ದಿನ ಬಟ್ಟೆಯ ಆ ತುದಿಯಿಂದ ಚಿಕ್ಕವಳು, ಇವತ್ತಿನ ಹೊಸ ಪದ ಯಾವುದು ಎಂದು ಕೇಳಿದಳು. ಇಂಡೊಲೆಂಟ್, ಎಂದಳು ದೊಡ್ಡವಳು. ಅದರರ್ಥ ಮೈಗಳ್ಳ, ಸೋಮಾರಿ. ಬೆಳಿಗ್ಗೆ ಬಸ್ಸಿನಲ್ಲಿ ಚೆನ್ನಾಗಿ ಓದಿಕೊಂಡೇ ಬಂದಿದ್ದಳು. ಆದರೆ ಬಾಯಿಂದ ಬಂದದ್ದು, ದಣಿವು ಅನ್ನುವುದೇ ಗೊತ್ತಿಲ್ಲದೆ ದುಡಿಯುವವರು, ಎಂಬ ಮಾತು. ಮೊದಲೇ ಯೋಚಿಸಿ ಹೇಳಿದ್ದಲ್ಲ. ಹೇಳಿದ ಮೇಲೆ ವಾಪಸ್ಸು ತೆಗೆದುಕೊಳ್ಳಲೂ ಇಲ್ಲ.

ಚಿಕ್ಕವಳ ಮುಖ ಅರಳಿತು. "ಹಂಗಾದ್ರೆ ನಾನೇ ಅಲ್ವಾ ಅಕ್ಕ ಅದು" ಎಂದಳು. ನಿಜಕ್ಕೂ ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಮಲಗುತ್ತಿದ್ದವಳು ಅವಳೇ.

ನಾಳೆ ಸರಿ ಮಾಡಿಬಿಡುತ್ತೇನೆ ಎಂದು ದೊಡ್ಡವಳು ತನಗೆ ತಾನೇ ಹೇಳಿಕೊಂಡಳು. ಮರುದಿನ ಸರಿ ಮಾಡುವ ಬದಲು ಇನ್ನೊಂದು ಪದವನ್ನು ಕೆಡಿಸಿದಳು. ಮೊದಲ ಸುಳ್ಳಿಗೆ ಎದೆ ಹೊಡೆದುಕೊಂಡಿತ್ತು, ಎರಡನೆಯದಕ್ಕೆ ಅಷ್ಟಿಲ್ಲ. ಮಿತವ್ಯಯ ಎಂಬರ್ಥದ ಪದಕ್ಕೆ ಧಾರಾಳ ಎಂದಳು, ಮುಚ್ಚುಮರೆಯಿಲ್ಲದ್ದು ಎಂಬರ್ಥದ ಪದಕ್ಕೆ ಗುಟ್ಟು ಎಂದಳು. ನಡುನಡುವೆ ಸರಿಯಾದದ್ದನ್ನೂ ಹೇಳುತ್ತಿದ್ದಳು. ಹಾಲಿನಲ್ಲಿ ನೀರು ಬೆರೆಸುವವರೂ ಪೂರ್ತಿ ನೀರನ್ನೇ ಮಾರುವುದಿಲ್ಲವಲ್ಲ.

ಅತ್ತೆಗೆ ಹೊಸ ಪದ ಬಹಳ ಹಿಡಿಸಿತು. ಯಾರು ಮನೆಗೆ ಬಂದರೂ, ನಮ್ಮ ಚಿಕ್ಕವಳು ಭಾರಿ ಇಂಡೊಲೆಂಟ್ ಕಣ್ರೀ, ಎಂದು ಹೊಗಳತೊಡಗಿದರು. ಬಂದವರಿಗೂ ಗೊತ್ತಿಲ್ಲ, ಹೌದು ಹೌದು ಎಂದು ತಲೆಯಾಡಿಸಿದರು. ಯಾರಾದರೂ ಪುಸ್ತಕ ಎಂದರೂ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ದೊಡ್ಡವಳು ತನ್ನ ಪುಸ್ತಕವನ್ನು ಚೀಲದ ಅಡಿಗೆ ತಳ್ಳುತ್ತಿದ್ದಳು.

ಸಂದರ್ಶನಕ್ಕೆ ಇಬ್ಬರೂ ಹೆಸರು ಕೊಟ್ಟಿದ್ದರು, ಆ ದಿನ ಚಿಕ್ಕವಳನ್ನು ಮೊದಲು ಕರೆದರು. ಹೊರಗೆ ಬೆಂಚಿನ ಮೇಲೆ ಕೂತ ದೊಡ್ಡವಳು, ಅವಳು ಆ ಪದವನ್ನು ಎತ್ತದಿರಲಿ ಎಂದು ಬೇಡಿಕೊಂಡಳು. ಬಾಗಿಲು ತಟ್ಟಿ, ಒಂದು ನಿಮಿಷ ಎಂದು ಅವಳನ್ನು ಹೊರಗೆ ಕರೆದು ಹೇಳಬಹುದಿತ್ತು. ಬೆಂಚಿನಿಂದ ಏಳಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಮ್ಯಾನೇಜರ್ ಗಟ್ಟಿಯಾಗಿ ನಗುವುದು ಕೇಳಿಸಿತು.

ಚಿಕ್ಕವಳು ಹೊರಗೆ ಬಂದಾಗ ಕೆನ್ನೆ ಕೆಂಪಾಗಿತ್ತು. "ಭಾರಿ ಖುಷಿಪಟ್ರು ಅಕ್ಕ. ನೀನು ಎಂಥ ಕೆಲಸಗಾರ್ತಿ ಅಂತ ಕೇಳಿದ್ರು, ನಾನು ಇಂಡೊಲೆಂಟ್ ಅಂದೆ, ನಕ್ಕೇಬಿಟ್ರು. ಯಾರು ಕಲಿಸಿದ್ದು ಅಂದ್ರು. ಎಲ್ಲಾ ನಮ್ಮ ಅಕ್ಕಾನೇ ಅಂದೆ."

ದೊಡ್ಡವಳು ಒಳಗೆ ಹೋದಾಗ ಮ್ಯಾನೇಜರ್ ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರು ಬೇರೆ ಏನನ್ನೂ ಕೇಳದೆ ಅದೇ ಪದದ ಅರ್ಥ ಕೇಳಿದರು. ತಪ್ಪು ಹೇಳಿದರೆ ಮೇಲಿನ ಕುರ್ಚಿ ಹೋಗುತ್ತದೆ, ಸರಿ ಹೇಳಿದರೆ ಚಿಕ್ಕವಳಿಗೆ ತಪ್ಪು ಕಲಿಸಿದ್ದು ಯಾಕೆಂಬ ಪ್ರಶ್ನೆ ಬರುತ್ತದೆ. ಎರಡನ್ನೂ ತೂಗಿ ನೋಡಲು ಅವಳಿಗೆ ಒಂದು ಉಸಿರಿನಷ್ಟು ಹೊತ್ತು ಸಿಕ್ಕಿತು. ಸೋಮಾರಿ ಎಂದಳು. ಮತ್ತೆ ಆಕೆಗೆ ಹಾಗೆ ಯಾಕೆ ಕಲಿಸಿದೆ, ಎಂದರು ಅವರು.

"ನಾನು ಸರಿಯಾಗೇ ಹೇಳಿದ್ದೆ ಸಾರ್. ಅವಳು ಉಲ್ಟಾ ನೆನಪಿಟ್ಕೊಂಡಿದಾಳೆ."

ಕೆಲಸ ದೊಡ್ಡವಳಿಗಾಯಿತು.

ಆ ಸಂಜೆ ಬಸ್ಸಿನಲ್ಲಿ ಚಿಕ್ಕವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮ್ಯಾನೇಜರ್ ಅವಳನ್ನು ಕರೆದು ಆ ಪದದ ಅರ್ಥ ಹೇಳಿದ್ದರು. ಬೈಯಲಿಲ್ಲ, ನಕ್ಕರು ಅಷ್ಟೇ. ನಿಮ್ಮಕ್ಕ ಸರಿಯಾಗಿಯೇ ಹೇಳಿಕೊಟ್ಟಿದ್ದಳಂತೆ, ನೀನೇ ತಿರುಚಿಕೊಂಡಿದ್ದೀಯ ಎಂದೂ ಹೇಳಿದ್ದರು. ಸ್ವಲ್ಪ ದೂರ ಹೋದ ಮೇಲೆ ಅವಳು ದೊಡ್ಡವಳ ಕಡೆ ತಿರುಗಿ, ಮನೆಯಲ್ಲೆಲ್ಲ ಅದನ್ನೇ ಹೇಳಿಕೊಂಡು ತಿರುಗಿದೆನಲ್ಲ, ಒಂದು ಸಲವಾದರೂ ತಿದ್ದಬಾರದಿತ್ತೇ ಎಂದು ಕೇಳಿದಳು. ಉತ್ತರವನ್ನೂ ಚಿಕ್ಕವಳೇ ಕೊಟ್ಟಳು: "ನಂಗೆ ಬೇಜಾರಾಗುತ್ತೆ ಅಂತ ಸುಮ್ನಿದ್ರಿ, ಅಲ್ವಾ?"

ದೊಡ್ಡವಳು ಹೌದೆಂದು ತಲೆಯಾಡಿಸಿದಳು. ಅಷ್ಟು ದಿನ ಹೇಳಿದ ಎಲ್ಲ ಸುಳ್ಳುಗಳಿಗಿಂತ ಅದು ಭಾರವಾಗಿತ್ತು.

ಕೌಂಟರಿನ ಕೆಲಸ ಚೆನ್ನಾಗಿಯೇ ಇತ್ತು. ಕಿಟಕಿ, ಕುರ್ಚಿ, ಹೆಸರು ಹಿಡಿದು ಕರೆಯುವವರು, ಎಲ್ಲ ಅಂದುಕೊಂಡ ಹಾಗೇ. ದಿನಾ ಬೆಳಿಗ್ಗೆ ಅವಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿ, ಕಾಲರ್ ನಿಲ್ಲಿಸಿ ಕೈಗೆ ಕೊಡುತ್ತಿದ್ದವಳು ಚಿಕ್ಕವಳು. ಕೊಂಕು ಮಾತಾಡಿದ್ದರೆ, ಮುಖ ತಿರುಗಿಸಿದ್ದರೆ ದೊಡ್ಡವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಆದರೆ ಚಿಕ್ಕವಳು ಬೈದದ್ದು ತನ್ನ ತಲೆಯನ್ನು. ಪದಗಳ ಸುದ್ದಿ ಎತ್ತಿದರೆ, ಬಿಡಿ ಅಕ್ಕ, ನಂದು ತೂತು ಕೊಡ, ಎನ್ನುತ್ತಿದ್ದಳು. ನಿಧಾನವಾಗಿ ಆ ತೂತು ಎಲ್ಲ ಕಡೆಗೂ ಹರಡಿತು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಅತ್ತೆಯನ್ನು ಕೇಳುವಳು. ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ ಮತ್ತೆ ಬಂದು ಜಗ್ಗಿ ನೋಡುವಳು. ಯಾವ ಮಹಡಿಗೆ ಯಾವ ಬಟ್ಟೆ ಎಂದು ಬಾಯಲ್ಲೇ ಹೇಳುತ್ತಿದ್ದವಳು, ಈಗ ಇನ್ನೊಬ್ಬರು ನೋಡಿ ಹೂಂ ಎನ್ನುವವರೆಗೆ ಗಾಡಿ ತಳ್ಳುತ್ತಿರಲಿಲ್ಲ.

ಒಂದು ರಜೆಯ ಮಧ್ಯಾಹ್ನ ಚಿಕ್ಕವಳ ಮಗಳು ಶಾಲೆಯ ಪುಸ್ತಕ ಹಿಡಿದು ಅಡುಗೆಮನೆಗೆ ಬಂದಳು. ಹದಿಮೂರರ ಮಗ್ಗಿ ಹೇಳಿಕೊಡು ಎಂದು ಅಮ್ಮನ ಸೆರಗು ಎಳೆದಳು. ಇಪ್ಪತ್ತರವರೆಗೂ ಮಗ್ಗಿಯನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ ಹೆಂಗಸು ಅವಳು. ಚಿಕ್ಕವಳು ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸದೆ, "ನನ್ನ ಕೇಳಬೇಡ ಪುಟ್ಟಿ, ನಂಗೆ ಎಲ್ಲಾ ತಪ್ಪು ತಪ್ಪೇ ನೆನಪಿರೋದು. ದೊಡ್ಡಮ್ಮನ್ನ ಕೇಳು" ಎಂದಳು.

ಹುಡುಗಿ ಪುಸ್ತಕ ಹಿಡಿದು ಅಲ್ಲೇ ಒಲೆಯ ಬಳಿ ಇದ್ದ ದೊಡ್ಡಮ್ಮನ ಮುಂದೆ ಬಂದು ನಿಂತಳು. ದೊಡ್ಡವಳಿಗೆ ತಡೆದುಕೊಳ್ಳಲು ಆಗಲಿಲ್ಲ. ಕುರ್ಚಿ ಕಸಿದುಕೊಂಡೆ ಎಂದು ಇಷ್ಟು ದಿನ ಕೊರಗಿದ್ದಳು. ಕುರ್ಚಿ ಏನು ಮಹಾ, ಇನ್ನೊಂದು ಖಾಲಿಯಾಗುತ್ತದೆ. ಒಬ್ಬಳು ತನ್ನದೇ ನೆನಪಿನ ಮೇಲೆ ಇಟ್ಟಿದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದು ಈಗ ಕಣ್ಣಿಗೆ ಬಿತ್ತು. ಹುಡುಗಿಯನ್ನು ಅಜ್ಜಿಯ ಹತ್ತಿರ ಕಳಿಸಿ, ಬಾಗಿಲು ಮುಂದೆ ಮಾಡಿ, ಚಿಕ್ಕವಳ ಎದುರು ನೆಲದ ಮೇಲೆ ಕೂತಳು.

"ನಿನ್ನ ನೆನಪು ಸರಿಯಾಗೇ ಇದೆ. ನಾನು ಹೇಳಿಕೊಟ್ಟಿದ್ದೇ ತಪ್ಪು. ಬೇಕಂತಲೇ ಹೇಳಿದೆ."

ಬೆಳ್ಳುಳ್ಳಿ ಸುಲಿಯುವ ಕೈ ನಿಂತಿತು. ಒಮ್ಮೆ ಬಾಯಿ ಬಿಟ್ಟ ಮೇಲೆ ದೊಡ್ಡವಳು ಏನನ್ನೂ ಉಳಿಸಿಕೊಳ್ಳಲಿಲ್ಲ. ಹೊಟ್ಟೆಕಿಚ್ಚನ್ನು ಹೇಳಿದಳು, ಬೆಂಚಿನಿಂದ ಏಳದೆ ಕೂತದ್ದನ್ನು ಹೇಳಿದಳು, ಮ್ಯಾನೇಜರ ಮುಂದೆ ಆಡಿದ ಮಾತನ್ನೂ ಹೇಳಿದಳು. ನಾಳೆ ಬೆಳಿಗ್ಗೆ ಮೊದಲು ಅವರ ಕೋಣೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡು ಕೆಲಸ ಬಿಟ್ಟುಕೊಡುತ್ತೇನೆ, ನಿನ್ನನ್ನು ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದು ಕೇಳುತ್ತೇನೆ ಎಂದಳು.

ಚಿಕ್ಕವಳು ಅಳುತ್ತಾಳೆ ಅಂದುಕೊಂಡಿದ್ದಳು, ಅಳಲಿಲ್ಲ. ಕೂಗಾಡುತ್ತಾಳೆ ಅಂದುಕೊಂಡಿದ್ದಳು, ಅದೂ ಇಲ್ಲ. ಕೈಯಲ್ಲಿದ್ದ ಸಿಪ್ಪೆಯನ್ನು ಕೆಳಗಿಟ್ಟು, ತಪ್ಪು ಹೇಳಿದ್ದು ಯಾವ ಯಾವ ಪದಗಳನ್ನು ಎಂದು ಕೇಳಿದಳು.

ದೊಡ್ಡವಳು ನೆನಪಿಗೆ ಬಂದಷ್ಟನ್ನು ಒಂದೊಂದಾಗಿ ಹೇಳಿ, ಸರಿಯಾದ ಅರ್ಥವನ್ನೂ ಹೇಳಿದಳು. ಇನ್ನೂ ಒಂದೆರಡು ಇದ್ದವು, ಎಷ್ಟು ತಡಕಾಡಿದರೂ ಸಿಗಲಿಲ್ಲ. ಸುಳ್ಳನ್ನು ನೆನಪಿಡುವ ಕೆಲಸ ಅವಳು ಯಾವತ್ತೂ ಮಾಡಿರಲಿಲ್ಲ, ಆ ಕೆಲಸವೆಲ್ಲ ಚಿಕ್ಕವಳದಾಗಿತ್ತು. ಅವು ಹೋಗಲಿ ಎಂದು ದೊಡ್ಡವಳು ಚಿಕ್ಕವಳ ಮೊಣಕೈ ಹಿಡಿದುಕೊಂಡಳು.

"ಅವು ಬಿಟ್ಟು ಮಿಕ್ಕಿದ್ದೆಲ್ಲ ಸರಿಯಾಗೇ ಹೇಳಿದೀನಿ ಕಣೇ. ನಿನ್ನಾಣೆ. ನೀನು ಕಲಿತಿದ್ದು ಯಾವುದೂ ವ್ಯರ್ಥ ಆಗಿಲ್ಲ."

ಚಿಕ್ಕವಳು ತಲೆಯೆತ್ತಿ ಅವಳನ್ನು ನೋಡಿದಳು. ಕೋಪವಿರಲಿಲ್ಲ, ದಾರಿ ಕೇಳುವವರ ಮುಖ ಇರುತ್ತದಲ್ಲ, ಹಾಗಿತ್ತು.

"ಅದನ್ನೂ ನೀವೇ ಹೇಳ್ತಿದೀರಲ್ಲ ಅಕ್ಕ" ಎಂದಳು.