ಕೆಂಪಿಯ ಎದೆಬಡಿತ

ಹುರುಳಿಗೆ ದಿನಕ್ಕೆ ಹನ್ನೆರಡಾಣೆ, ಹುಲ್ಲಿಗೆ ನಾಲ್ಕಾಣೆ, ಲಾಳ ಸವೆದರೆ ಅದು ಬೇರೆ. ಕುಮಟೆಯ ದೇವಪ್ಪನ ಜಟಕಾಗಾಡಿಗೆ ಒಳ್ಳೆಯ ದಿನ ಎರಡು ರೂಪಾಯಿ ಸಿಗುತ್ತಿತ್ತು. ಅರವತ್ತನೇ ಇಸವಿಯ ಹೊತ್ತಿಗೆ ಬಸ್ಸುಗಳು ಹೆಚ್ಚಾಗಿ ಒಳ್ಳೆಯ ದಿನಗಳೇ ಕಡಿಮೆಯಾದವು. ಆಗ ಒಣಮೀನಿನ ಸಾಹುಕಾರ ರಮಾನಂದರು ಜಟಕಾದವರಿಗೆ ಒಂದು ಪಂದ್ಯ ಇಟ್ಟರು. ಹೊನ್ನಾವರಕ್ಕೆ ಗಾಡಿ ಹೊಡೆದು ಅದೇ ಕುದುರೆಯಲ್ಲಿ ತಿರುಗಿ ಬರಬೇಕು. ಗೆದ್ದವನಿಗೆ ವರ್ಷವಿಡೀ ಅವರ ಮಾಲು ಸಾಗಿಸುವ ಕೆಲಸ.

ಮೊದಲು ಬಂದರೆ ಸಾಲದು. ಗಾಡಿ ಬಿಚ್ಚಿ, ಒಂದು ಎಲೆಯಡಿಕೆಯ ಕವಳ ಜಗಿದು ಉಗಿಯುವಷ್ಟರಲ್ಲಿ ಕುದುರೆಯ ಎದೆಬಡಿತ ಇಳಿಯಬೇಕು. ಲಾಳ ಕಟ್ಟುವ ಮುದುಕ ಹಮ್ಮ ಎದೆಗೆ ಕಿವಿಯಿಟ್ಟು ಹೇಳಿದ್ದೇ ತೀರ್ಪು.

ದೇವಪ್ಪನ ಕೆಂಪಿಗೆ ವಯಸ್ಸಾಗಿತ್ತು. ಓಡುವುದೇನೋ ಓಡುತ್ತಿದ್ದಳು, ನಿಂತ ಮೇಲೆ ಎದೆ ಬಹಳ ಹೊತ್ತು ಹೊಡೆದುಕೊಳ್ಳುತ್ತಿತ್ತು. ಅಂಥದೇ ಕಾಯಿಲೆಗೆ ಅವನ ಹೆಂಡತಿ ತಿಮ್ಮಕ್ಕನಿಗೆ ಪಂಡಿತರು ಎದೆಬಡಿತ ಇಳಿಸುವ ಸರ್ಪಗಂಧಿ ಬೇರಿನ ಪುಡಿ ಕೊಟ್ಟಿದ್ದರು. ಪಂದ್ಯದ ದಿನ ಬೆಳಿಗ್ಗೆ ಅದನ್ನು ಬೆಲ್ಲದಲ್ಲಿ ಕಲಸಿ ಕೆಂಪಿಗೆ ತಿನ್ನಿಸಿದ. ಅವನ ಕೈಯಿಂದ ಏನು ಕೊಟ್ಟರೂ ಅವಳು ತಿನ್ನುತ್ತಿದ್ದಳು.

ಬಿಸಿಲೇರಿದ ಮೇಲೆ ಇನ್ನೊಬ್ಬ ಜಟಕಾದವ ಶುಕ್ರನ ಕುದುರೆ ಮೊದಲು ಬಂತು, ಹಿಂದೆಯೇ ಕೆಂಪಿ. ಹಮ್ಮ ಕವಳ ಉಗಿದು ಶುಕ್ರನ ಕುದುರೆಗೆ ಕಿವಿಯಿಟ್ಟ.

“ಅವಲಕ್ಕಿ ಕುಟ್ಟಿದ ಹಾಂಗೆ ಅದೆ ಮಾರಾಯ!”

ಆಮೇಲೆ ಕೆಂಪಿಯ ಸರದಿ. “ಎಂತ ದೇವಪ್ಪ, ಇವ್ಳನ್ನ ಹೊನ್ನಾವರದಿಂದ ನೀನೇ ಹೊತ್ಕಂಡು ಬಂದ್ಯಾ?”

ಜನ ನಕ್ಕರು. ಹಮ್ಮ ಮಾತ್ರ ಅವಳ ಕುತ್ತಿಗೆ ಸವರಿ ನೋಡಿದ. ಮೆಲ್ಲಗೆ ಕೇಳಿದ: “ಮೈ ಕೆಂಡದ ಹಾಂಗೆ ಸುಡ್ತದೆ, ಎದೆ ನಿಧಾನ. ತಮಾ, ಎಂತ ಕೊಟ್ಟೆ?”

ಶುಕ್ರ ಹತ್ತಿರದಲ್ಲೇ ಇದ್ದ. ದೇವಪ್ಪ ಹೇಳಿದ: “ಎಂತದೂ ಇಲ್ಲ ಹಮ್ಮಣ್ಣ. ಹುರುಳಿ, ಬೆಲ್ಲ.”

“ಹಾಗಾರೆ ಆತು. ನೀರು ಕುಡಿಸು.”

ಎದೆಬಡಿತ ಇಳಿಯದ ಕುದುರೆಯನ್ನು ಮೊದಲು ನಡೆಸಿ ತಣಿಸುತ್ತಾರೆ. ನೀರು, ಹುರುಳಿ ಆಮೇಲೆ, ಇಲ್ಲವಾದರೆ ಹೊಟ್ಟೆ ಹಿಡಿಯುತ್ತದೆ. ಶುಕ್ರ ತನ್ನದನ್ನು ನೆರಳಿನಲ್ಲಿ ನಡೆಸತೊಡಗಿದ. ಗೆದ್ದ ಕೆಂಪಿಗೆಂದು ಸಾಹುಕಾರರ ಆಳುಗಳು ಬೇಯಿಸಿದ ಹುರುಳಿ ತಂದರು. ಬೇಡವೆಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ದೇವಪ್ಪ ತಾನೇ ನೀರಿನ ಬಾಲ್ದಿ ಹಿಡಿದ. ಬಾಯಾರಿದ್ದ ಕೆಂಪಿ ಒಂದೇ ಸಮನೆ ಕುಡಿದಳು, ಹುರುಳಿಯನ್ನೂ ತಿಂದಳು.

ಸಂಜೆಗೆ ಅವಳ ಹೊಟ್ಟೆ ಉಬ್ಬಿತು. ಬಿದ್ದು ಹೊರಳಿದಳು. ದೇವಪ್ಪ ಓಡಿಹೋಗಿ ಹಮ್ಮನನ್ನು ಕರೆತಂದು ಎಲ್ಲ ಹೇಳಿದ.

“ನೀರು ಕುಡಿಸೂಕಿಂತ ಮೊದ್ಲು ಹೇಳಿದ್ರೆ ನಡೆಸ್ತಿದ್ವಲ್ಲೋ,” ಎಂದ ಹಮ್ಮ. ಬೈಯಲಿಲ್ಲ. ಇಬ್ಬರೂ ಅವಳ ಹೊಟ್ಟೆ ತಿಕ್ಕುತ್ತ ಕೂತರು.

ಬೆಳಗಾಗುವುದರೊಳಗೆ ಕೆಂಪಿ ಸತ್ತಳು. ಪುಡಿಯ ವಿಷಯವನ್ನು ಹಮ್ಮ ಯಾರಿಗೂ ಹೇಳಲಿಲ್ಲ. ಸಾಹುಕಾರರ ಕೆಲಸ ದೇವಪ್ಪನಿಗೇ ಬಂತು. ಗಾಡಿಗೆ ಕಟ್ಟಲು ಕುದುರೆ ಇರಲಿಲ್ಲ.