ಪ್ಲೇಆಫ್ ಗಡ್ಡ

ಐಸ್ ಹಾಕಿಯಲ್ಲಿ ಒಂದು ಕಟ್ಟಳೆ ಇದೆ. ಲೀಗಿನ ಕೊನೆಯ ನಾಕೌಟ್ ಸುತ್ತುಗಳಾದ ಪ್ಲೇಆಫ್ ಶುರುವಾದ ದಿನದಿಂದ ತಂಡ ಸೋತು ಹೊರಬೀಳುವವರೆಗೆ ಆಟಗಾರರು ಗಡ್ಡ ಬೋಳಿಸುವುದಿಲ್ಲ. ಅಭಿಮಾನಿಗಳೂ ಅಷ್ಟೆ. ಇದನ್ನು ಮೆಲ್ಬರ್ನಿನ ಕನ್ನಡಿಗರಿಗೆ ವಿವರಿಸಿ ವಿವರಿಸಿ ನನಗೆ ಸಾಕಾಗಿದೆ. ಹಾಕಿ ಅಂದರೆ ಹುಲ್ಲಿನ ಮೇಲೆ ಆಡುವುದಲ್ಲವೇ ಎಂದು ಕೇಳುತ್ತಾರೆ. ಇಲ್ಲ, ಮಂಜುಗಡ್ಡೆಯ ಮೇಲೆ, ಚೆಂಡಿರುವುದಿಲ್ಲ, ಕಪ್ಪು ಬಿಲ್ಲೆ ಇರುತ್ತದೆ ಎಂದರೆ ನಾನೇ ಕಟ್ಟಿ ಹೇಳುತ್ತಿದ್ದೇನೆ ಎನ್ನುವ ಹಾಗೆ ನಗುತ್ತಾರೆ. ಕ್ರಿಕೆಟ್ ಬಿಟ್ಟರೆ ಅವರ ಪಾಲಿಗೆ ಬೇರೆ ಆಟವೇ ಇಲ್ಲ.

ಆಸ್ಟ್ರೇಲಿಯಾಕ್ಕೆ ಬರುವ ಮುಂಚೆ ಮೂರು ವರ್ಷ ಕೆನಡಾದ ಕ್ಯಾಲ್ಗರಿಯಲ್ಲಿದ್ದೆ. ಅಲ್ಲಿ ಹತ್ತಿದ ಹುಚ್ಚು ಇದು. ನಾನಿದ್ದಷ್ಟು ದಿನ ಆ ಊರಿನ ತಂಡ ಪ್ಲೇಆಫ್ ಮುಖವನ್ನೇ ನೋಡಲಿಲ್ಲ. 2004ರ ಏಪ್ರಿಲಿನಲ್ಲಿ, ನಾನು ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನ ಬ್ಯಾಂಕ್ ಆಫೀಸಿನಲ್ಲಿ ಕೂತಿರುವಾಗ, ಅದಕ್ಕೆ ಬುದ್ಧಿ ಬಂತು, ಪ್ಲೇಆಫ್ ಸೇರಿತು. ಕೆನಡಾದ ಸಂಜೆ ನಮಗೆ ಬೆಳಗ್ಗೆ. ಕಂಪ್ಯೂಟರಿನ ಮೂಲೆಯಲ್ಲಿ ಸ್ಕೋರ್ ತೆರೆದಿಟ್ಟುಕೊಂಡು ಮೀಟಿಂಗುಗಳಲ್ಲಿ ತಲೆಯಾಡಿಸುತ್ತಿದ್ದೆ. ಒಂದೊಂದೇ ಸುತ್ತು ಗೆಲ್ಲುತ್ತಾ ಹೋದ ಹಾಗೆ ಗಡ್ಡ ಬೆಳೆಯಿತು. ಅರ್ಧ ಬಿಳಿ ಬಂತು, ಅದಕ್ಕೂ ಬೇಸರವಾಗಲಿಲ್ಲ.

ಆ ವರ್ಷ ಎಲ್ಲಾದರೂ ಒಂದು ಗೆಲುವು ನನಗೆ ಬೇಕೇ ಬೇಕಾಗಿತ್ತು. ಮದುವೆಯಾಗಿ ಒಂಬತ್ತು ವರ್ಷಕ್ಕೆ ವಸಂತಾ ಬಸುರಿಯಾಗಿದ್ದಳು. ಫೆಬ್ರುವರಿಯ ಬಿಸಿಲಲ್ಲಿ, ಮೂರನೇ ತಿಂಗಳಲ್ಲಿ, ಅದು ಹೋಯಿತು. ಮೂರು ತಿಂಗಳು ತುಂಬಿದ ಮೇಲೆ ಎಲ್ಲರಿಗೂ ತಿಳಿಸೋಣ ಎಂದುಕೊಂಡಿದ್ದೆವು. ಬಂದದ್ದನ್ನೇ ಹೇಳದ ಮೇಲೆ ಹೋದದ್ದನ್ನು ಯಾರಿಗೆ ಹೇಳುವುದು? ಸಿಡ್ನಿಯಲ್ಲಿರುವ ಅವಳ ಅಕ್ಕ ಭಾಗೀರಥಿಗೂ ಹೇಳಲಿಲ್ಲ. ಆಸ್ಪತ್ರೆಯಿಂದ ಬಂದ ಮಾರನೆಯ ದಿನ ನಾನು ಆಫೀಸಿಗೆ ಹೋದೆ. ವಸಂತಾ ಅಡುಗೆಮನೆ ತೊಳೆದಳು. ಅಳಲಿಲ್ಲ. ಗಟ್ಟಿಗಿತ್ತಿ ಎಂದುಕೊಂಡು ಸಮಾಧಾನಪಟ್ಟುಕೊಂಡೆ.

ಆಟದಲ್ಲಾದರೆ ಸೋಲಿಗೂ ಒಂದು ಮರ್ಯಾದೆ ಇದೆ. ಸರಣಿ ಮುಗಿದ ಕೂಡಲೇ ಗೆದ್ದವರೂ ಸೋತವರೂ ಸಾಲಾಗಿ ನಿಂತು ಒಬ್ಬೊಬ್ಬರ ಕೈಕುಲುಕುತ್ತಾರೆ. ಆಮೇಲೆ ಸೋತವರು ಮನೆಗೆ ಹೋಗಿ ಗಡ್ಡ ತೆಗೆಯುತ್ತಾರೆ. ಮುಗಿಯಿತು ಎಂದು ಊರಿಗೆಲ್ಲ ಗೊತ್ತಾಗುತ್ತದೆ. ನಮ್ಮ ಸೋಲು ಯಾರಿಗೂ ಗೊತ್ತಾಗಲೇ ಇಲ್ಲ.

ವಸಂತಾಳಿಗೂ ಒಂದು ಹುಚ್ಚಿತ್ತು. ಸೂಪರ್‌ಮಾರ್ಕೆಟ್ಟಿನ ಕೌಂಟರ್ ಹತ್ತಿರ ಜೋತುಬಿದ್ದಿರುತ್ತವಲ್ಲ, ಆ ಗಾಸಿಪ್ ಪತ್ರಿಕೆಗಳು. ಯಾವುದೋ ಹಾಡುಗಾರ್ತಿ, ಯಾವುದೋ ನಟಿ, ಹೊಟ್ಟೆಯ ಸುತ್ತ ಕೆಂಪು ವೃತ್ತ. ಬಸುರೋ ಬರೀ ಊಟವೋ ಎಂದು ಅದರ ಮೇಲೆ ನಾಲ್ಕು ಪುಟದ ಸಂಶೋಧನೆ. "ಇವರಿಗೆ ಬೇರೆ ಕೆಲ್ಸ ಇಲ್ವಾ?" ಎಂದು ನಾನು ರೇಗಿಸಿದರೆ, "ನಿಮ್ಮ ಹಾಕಿಯೋರಿಗಿದ್ಯಾ?" ಎನ್ನುತ್ತಿದ್ದಳು. ಫೆಬ್ರುವರಿಯ ನಂತರ ಅವನ್ನು ಕೊಳ್ಳುವುದು ಬಿಟ್ಟಳು. ಕೌಂಟರಿನಲ್ಲಿ ಕ್ಯೂ ನಿಂತಾಗ ಎದುರಿಗಿರುವ ಪತ್ರಿಕೆಯನ್ನು ಮೆಲ್ಲಗೆ ಹಿಂದುಮುಂದಾಗಿ ತಿರುಗಿಸಿಡುತ್ತಿದ್ದಳು.

ಮೇ ತಿಂಗಳಲ್ಲಿ ಕನ್ನಡ ಸಂಘದ ಊಟಕ್ಕೆ ಹೋದಾಗ ನನ್ನ ಗಡ್ಡವನ್ನು ನೋಡಿ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬರು ಆಂಟಿ ವಸಂತಾಳ ಎಲೆಗೆ ಕೇಳದೆಯೇ ಇನ್ನೊಂದು ಹೋಳಿಗೆ ಹಾಕಿದರು. ಮುದುಕನ ಹಾಗೆ ಕಾಣುತ್ತಿದ್ದೇನೆಂದು ನಗುತ್ತಿರಬೇಕು ಎಂದು ನಾನು ಸಿಡಿಮಿಡಿಗೊಂಡೆ. ಮನೆಗೆ ಬರುವಾಗ ಕಾರಿನಲ್ಲಿ, "ಗಡ್ಡ ತೆಗೆದುಬಿಡ್ಲಾ?" ಎಂದೆ.

"ಬೇಡ ರೀ," ಎಂದಳು ವಸಂತಾ. "ನಿಮ್ಮ ಟೀಮ್ ಗೆಲ್ತಾ ಇದೆಯಲ್ಲ."

ಜೂನ್ ಮೊದಲ ವಾರ ಭಾಗೀರಥಿಯ ಹೊಸ ಮನೆಯ ಗೃಹಪ್ರವೇಶಕ್ಕೆ ಸಿಡ್ನಿಗೆ ಹೋದೆವು. ಬ್ಲ್ಯಾಕ್‌ಟೌನ್‌ನಿಂದಾಚೆ, ಇನ್ನೂ ಹುಲ್ಲು ಹುಟ್ಟದ ಬೀದಿಯಲ್ಲಿ ಎರಡಂತಸ್ತಿನ ಮನೆ. ಶನಿವಾರ ಪೂಜೆ ಮುಗಿಯಿತು. ಭಾನುವಾರ ಬೆಳಗ್ಗೆ ಫೈನಲಿನ ಆರನೇ ಪಂದ್ಯ. ಇದನ್ನು ಗೆದ್ದರೆ ಕಪ್ ನಮ್ಮದು. ಷಡ್ಡಕನ ಮನೆಯಲ್ಲಿ ಕೇಬಲ್ ಇತ್ತು. ಮಹಡಿಯ ಕೋಣೆಯ ಬಾಗಿಲು ಹಾಕಿಕೊಂಡು ಟಿವಿಯ ಮುಂದೆ ಕೂತೆ. ಕೆಳಗೆ ಹೆಂಗಸರ ಸದ್ದು, ಒಗ್ಗರಣೆಯ ಘಾಟು, ಯಾರೋ ಹಾಡು ಹೇಳುತ್ತಿದ್ದರು.

ಎರಡು ಎರಡು ಸಮ. ಕೊನೆಯ ಹೊತ್ತಿನಲ್ಲಿ ನಮ್ಮವನೊಬ್ಬನ ಕಾಲಿಗೆ ತಾಗಿದ ಬಿಲ್ಲೆ ಗೋಲಿನ ಗೆರೆ ದಾಟಿದ ಹಾಗೆ ಕಂಡಿತು. ರೆಫರಿ ಗೋಲು ಕೊಡಲಿಲ್ಲ. ರೀಪ್ಲೇಯಲ್ಲಿ ಬಿಲ್ಲೆಗೂ ಗೆರೆಗೂ ನಡುವೆ ಮಂಜುಗಡ್ಡೆಯ ಬಿಳುಪು ಕಾಣುತ್ತಿತ್ತು. ಕಣ್ಣಿದ್ದವರಿಗೆಲ್ಲ ಕಾಣುವ ಹಾಗೆ ಬಂದಿದ್ದು ಬಂದೇ ಇಲ್ಲವೆಂದು ಮುಂದೆ ಹೋದರೆ ಹೇಗಾಗುತ್ತದೆ! ದಿಂಬು ಎತ್ತಿ ಗೋಡೆಗೆ ಬಡಿದೆ. ಸಮಬಲ ಮುರಿಯುವ ಓವರ್‌ಟೈಮ್ ಆಟ ಶುರುವಾಗುವ ಮುಂಚೆ ನೀರು ಕುಡಿಯೋಣವೆಂದು ಕೆಳಗಿಳಿದೆ.

ನಡುಮನೆಯಲ್ಲಿ ಮಣೆಯ ಮೇಲೆ ವಸಂತಾ ಕೂತಿದ್ದಳು. ಮೈಮೇಲೆ ಹೊಸ ಹಸಿರು ಸೀರೆ, ಎರಡೂ ಕೈ ತುಂಬ ಹಸಿರು ಬಳೆ, ಮಡಿಲಲ್ಲಿ ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ. ಸುತ್ತ ಏಳೆಂಟು ಹೆಂಗಸರು. ಭಾಗೀರಥಿ ತಂಗಿಯ ಕೆನ್ನೆಗೆ ಅರಿಶಿನ ಹಚ್ಚುತ್ತಿದ್ದಳು.

"ಏನಿದು?" ಎಂದೆ. ನನ್ನ ದನಿ ಗಟ್ಟಿಯಾಗಿಯೇ ಬಂತು.

"ಸಾಕು ಬಿಡಿ ನಾಟಕ," ಎಂದರು ಭಾಗೀರಥಿಯ ಅತ್ತೆ ಇಂದಿರಮ್ಮ. "ಎಷ್ಟು ದಿನಾಂತ ಮುಚ್ಚಿಡ್ತೀರಿ? ಬಸುರಿಯ ಗಂಡ ಕ್ಷೌರ ಮಾಡಿಸ್ಕೋಬಾರ್ದು ಅನ್ನೋದು ನಮಗೆ ಗೊತ್ತಿಲ್ವೇ?"

"ಮೆಲ್ಬರ್ನ್‌ನಿಂದ ಮೂರು ಜನ ಫೋನ್ ಮಾಡಿ ಹೇಳಿದ್ರು," ಎಂದಳು ಭಾಗೀರಥಿ. ಅವಳ ಮುಖ ಹಿಗ್ಗಿನಿಂದ ಅರಳಿತ್ತು. "ಏಪ್ರಿಲ್‌ನಿಂದ ಗಡ್ಡ ಬಿಟ್ಟಿದ್ದಾರೆ ಅಂದ್ರೆ ಮೂರು ತಿಂಗಳು ಕಳೀತು ಅಂತ ನಾನೇ ಲೆಕ್ಕ ಹಾಕ್ದೆ. ಇವಳಾಗಿ ಹೇಳ್ಲಿ ಅಂತ ಕಾದೆ. ಹೇಳ್ಲಿಲ್ಲ ಕಳ್ಳಿ!"

ಪತ್ರಿಕೆಯವರು ನಟಿಯರ ಹೊಟ್ಟೆ ನೋಡಿದರೆ ನಮ್ಮವರು ನನ್ನ ಗಲ್ಲ ನೋಡಿದ್ದರು. ಮೈಯೆಲ್ಲ ಉರಿದುಹೋಯಿತು. "ಇದು ಹಾಕಿಗೆ ಬಿಟ್ಟಿರೋ ಗಡ್ಡ," ಎಂದೆ.

"ಹಾಕಿಗೆ ಯಾರಾದ್ರೂ ಗಡ್ಡ ಬಿಡ್ತಾರೇನಪ್ಪಾ?" ಎಂದರು ಇಂದಿರಮ್ಮ. ಎಲ್ಲರೂ ಗೊಳ್ಳೆಂದು ನಕ್ಕರು.

ನಿಜ ಹೇಳಿ ನಿಲ್ಲಿಸಿಬಿಡಬೇಕೆಂದು ಬಾಯಿ ತೆರೆದೆ. ಹೇಳಿದರೆ ಇಷ್ಟು ಜನರ ಮುಂದೆ ಅವಳ ಗತಿ ಏನು? ಹೇಳದಿದ್ದರೆ ನಾಳೆ, ನಾಡಿದ್ದು ಏನು? ವಸಂತಾ ನನ್ನನ್ನು ನೋಡಿ ಬೇಡವೆಂಬಂತೆ ತಲೆಯಾಡಿಸಿದಳು. ಅವಳ ಮುಖದಲ್ಲಿ ಗಾಬರಿ ಇರಲಿಲ್ಲ. ಎರಡೂ ಕೈಯಲ್ಲಿ ಮಡಿಲಿನ ಸೆರಗನ್ನು ಅಕ್ಕಿ ಚೆಲ್ಲದ ಹಾಗೆ ಹಿಡಿದುಕೊಂಡಿದ್ದಳು. ಅವಳಿಗೆ ಇದು ಬೇಕಾಗಿತ್ತು ಎಂದು ಆಗ ನನಗೆ ಹೊಳೆಯಿತು, ಹೆದರಿಕೆಯೂ ಆಯಿತು.

"ಡಾಕ್ಟ್ರು ಯಾವ ತಿಂಗಳು ಹೇಳಿದ್ದಾರೆ ವಸೂ?" ಎಂದು ಭಾಗೀರಥಿ ಕೇಳಿದಳು.

"ಆಗಸ್ಟ್ ಅಂದಿದ್ರು ಅಕ್ಕ," ಎಂದಳು ವಸಂತಾ.

ಜೂನ್ ಆಗಲೇ ಬಂದಿತ್ತು. ಹೆಂಗಸರು ಬೆರಳು ಮಡಿಸಬೇಕಾಗಿರಲಿಲ್ಲ. ಭಾಗೀರಥಿಯ ಕಣ್ಣು ಸೀರೆಯ ನೆರಿಗೆಗೆ, ತಂಗಿಯ ಚಪ್ಪಟೆ ಹೊಟ್ಟೆಗೆ ಹೋಯಿತು. ಅರಿಶಿನದ ಕೈ ಅಲ್ಲೇ ನಿಂತಿತು.

"ಅಯ್ಯೋ ನನ್ ಕಂದ," ಎಂದಳು. ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ತಂಗಿಯ ತಲೆಯನ್ನು ಎದೆಗೆ ಒತ್ತಿಕೊಂಡಳು. ವಸಂತಾ ಅತ್ತಳು. ನಾಲ್ಕು ತಿಂಗಳಲ್ಲಿ ನಾನು ಒಮ್ಮೆಯೂ ಕೇಳದ ದನಿ ಅದು, ಹೊಟ್ಟೆಯೊಳಗಿಂದ ಬಂದದ್ದು. ಇಂದಿರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಉಳಿದವರನ್ನೆಲ್ಲ ಅಡುಗೆಮನೆಗೆ ಕರೆದುಕೊಂಡು ಹೋದರು. ಮಹಡಿಯ ಟಿವಿಯಲ್ಲಿ ಜನ ಕೂಗುತ್ತಿದ್ದರು.

ಭಾಗೀರಥಿ ಬಳೆ ತೆಗೆಯಲು ಕೈ ಹಾಕಿದಳು. ವಸಂತಾ ಕೈ ಹಿಂದಕ್ಕೆಳೆದುಕೊಂಡಳು.

"ಇರ್ಲಿ ಅಕ್ಕ. ಅದಕ್ಕೂ ಒಂದ್ಸಲ ಯಾರಾದ್ರೂ ಇದನ್ನ ಮಾಡ್ಲಿ ಅಂತಿತ್ತು ನಂಗೆ." ಆಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ದಣಿವಿತ್ತು. "ನೀವು ಒಂದಿನಾನೂ ಕೇಳ್ಲಿಲ್ಲ ರೀ, ಯಾವ ತಿಂಗಳು ಅಂತ."

ನಿಜ. ಆಗಸ್ಟ್ ಎಂಬುದು ನನಗೂ ಆಗಷ್ಟೇ ಗೊತ್ತಾಗಿತ್ತು.

ಅವಳ ಎದುರು ನೆಲದ ಮೇಲೆ ಕೂತೆ.

"ಆಗಸ್ಟ್ ಎಷ್ಟನೇ ತಾರೀಕು?" ಎಂದು ಕೇಳಿದೆ.

ಹೇಳಿದಳು. ಅವಳ ಮನಸ್ಸಿನಲ್ಲಿದ್ದ ಹೆಸರನ್ನೂ ಹೇಳಿದಳು.